ತಪ್ಪು ನುಡಿಸಿದ ಟೇಕನ್ನೂ ಇಡಿ, ನಡುವಿನ ಮಾತನ್ನೂ ಇಡಿ

ಪ್ರಶ್ನೆ: ನಮ್ಮದು ಬಳ್ಳಾರಿಯ ಕೌಲ್ ಬಜಾರ್. ನಮ್ಮ ತಂದೆ ಮತ್ತು ಅವರ ನಾಲ್ವರು ಗೆಳೆಯರು ಎಂಬತ್ತರ ದಶಕದಲ್ಲಿ ಆರ್ಕೆಸ್ಟ್ರಾ ನಡೆಸುತ್ತಿದ್ದರು. ಗಣೇಶನ ಹಬ್ಬಕ್ಕೆ, ಮದುವೆಗೆ ನುಡಿಸಿದ್ದು ಸಿನಿಮಾ ಹಾಡು. ಒಳಗೆ ಐವರಿಗೂ ರಾಕ್ ಸಂಗೀತದ ಹುಚ್ಚು. 1986ರಲ್ಲಿ ಕೈಯಿಂದ ದುಡ್ಡು ಹಾಕಿ, ಮದ್ರಾಸಿನ ಸ್ಟುಡಿಯೋ ಒಂದರಲ್ಲಿ ಮೂರು ದಿನ ತಮ್ಮದೇ ಕನ್ನಡ ಹಾಡುಗಳನ್ನು ರೆಕಾರ್ಡ್ ಮಾಡಿದ್ದರು. ಯಾವ ಕಂಪನಿಯೂ ತೆಗೆದುಕೊಳ್ಳಲಿಲ್ಲ. ಈಗ ಅಟ್ಟದಲ್ಲಿ ನಾಲ್ಕು ಸ್ಪೂಲ್ (ಸುರುಳಿ ಟೇಪು), ಹನ್ನೊಂದು ಕ್ಯಾಸೆಟ್ ಸಿಕ್ಕಿವೆ. ಐವರಲ್ಲಿ ಮೂವರು ಉಳಿದಿದ್ದಾರೆ, ಈಗಲೂ ಭಾನುವಾರ ಸೇರಿ ನುಡಿಸುತ್ತಾರೆ. ಚೆನ್ನಾಗಿ ಬಂದಿರುವ ಐದಾರು ಹಾಡು ಆರಿಸಿ, ಸ್ವಚ್ಛ ಮಾಡಿ, ಯೂಟ್ಯೂಬಿಗೆ ಹಾಕಿ ಉಳಿದದ್ದನ್ನು ಎಸೆಯಬೇಕೆಂದಿದ್ದೇನೆ. ಅಪ್ಪನೂ “ಅದ್ರಾಗೇನೈತಿ, ಬರೇ ತಪ್ಪು ನುಡಿಸಿದ್ದೇ ಐತಿ” ಅಂತಾರೆ. ಬೀಟಲ್ಸ್ ಹಾಡಿಗೆ ಮಾಡಿದಂತೆ ಎಐ ಬಳಸಿ ದನಿ ಬೇರೆ ಮಾಡಲು ನಮಗೂ ಆಗುತ್ತದೆಯೇ? ದೊಡ್ಡ ಬ್ಯಾಂಡುಗಳು ಬಿಡುಗಡೆ ಮಾಡದ ರೆಕಾರ್ಡಿಂಗುಗಳನ್ನು ವರ್ಷಗಟ್ಟಲೆ ಯಾಕೆ ಇಟ್ಟುಕೊಳ್ಳುತ್ತಾರೆ?

ಉತ್ತರ: ಎಐ ಮಾತು ಆಮೇಲೆ ಆಡೋಣ. ನಿಮ್ಮ ಪತ್ರ ಓದುತ್ತಾ ‘ಉಳಿದದ್ದನ್ನು ಎಸೆಯಬೇಕೆಂದಿದ್ದೇನೆ’ ಎನ್ನುವಲ್ಲಿ ನನ್ನ ಎದೆ ಧಸಕ್ ಎಂದಿತು. ದಯವಿಟ್ಟು ಎಸೆಯಬೇಡಿ. ಒಂದು ಗಜ ಟೇಪೂ ಬೇಡ. ಯಾಕೆ ಎಂದು ಹೇಳಲು ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ರೋಲಿಂಗ್ ಸ್ಟೋನ್ಸ್ ತಂಡದ ‘ಸ್ಟಾರ್ಟ್ ಮಿ ಅಪ್’ ಹಾಡನ್ನು ನಿಮ್ಮ ತಂದೆಯವರು ಖಂಡಿತ ಕೇಳಿರುತ್ತಾರೆ, ಬಹುಶಃ ನುಡಿಸಿಯೂ ಇರುತ್ತಾರೆ. ಅದು ಜನರ ಕಿವಿಗೆ ಬಿದ್ದದ್ದು 1981ರಲ್ಲಿ. ಹುಟ್ಟಿದ್ದು ಅದಕ್ಕೂ ಮೂರು ವರ್ಷ ಹಿಂದೆ, ಪ್ಯಾರಿಸಿನ ಸ್ಟುಡಿಯೋದಲ್ಲಿ, ಬೇರೊಂದು ಆಲ್ಬಮ್ಮಿನ ಕೆಲಸದ ನಡುವೆ. ತಂಡ ಅದನ್ನು ಜಮೈಕಾದ ರೆಗೆ ಶೈಲಿಯ ತಾಳದಲ್ಲಿ ಮತ್ತೆ ಮತ್ತೆ ನುಡಿಸಿ ನೋಡಿತ್ತು, ಕೂಡಿಬರಲಿಲ್ಲ. ನಡುವೆ ಒಮ್ಮೆ ರಾಕ್ ಗತ್ತಿನಲ್ಲಿ ನುಡಿಸಿದರು. ತಂಡದ ಗಿಟಾರ್ ವಾದಕ ಕೀತ್ ರಿಚರ್ಡ್ಸ್‌ಗೆ ಅದು ರೇಡಿಯೋದಲ್ಲಿ ಎಲ್ಲೋ ಕೇಳಿದ ಹಾಡಿನಂತಿದೆ ಅನ್ನಿಸಿ, ಅಳಿಸಿಬಿಡು ಎಂದರಂತೆ. ಇಂಜಿನಿಯರ್ ಕ್ರಿಸ್ ಕಿಮ್ಸಿ ಅಳಿಸಲಿಲ್ಲ. ಆ ಕಥೆಯನ್ನು ಅವರೇ ಹೇಳಿಕೊಂಡಿದ್ದಾರೆ. ಮುಂದೆ ಪ್ರವಾಸ ಹೊರಡುವ ತಂಡಕ್ಕೆ ಆಲ್ಬಮ್ ಬೇಕಾಯಿತು, ಹೊಸ ಹಾಡು ಕೂಡಿಸುವ ಪುರುಸೊತ್ತು ಇರಲಿಲ್ಲ. ಕಿಮ್ಸಿ ಹಳೆಯ ಟೇಪುಗಳ ರಾಶಿಗೆ ಕೈ ಹಾಕಿದರು. ರೆಗೆ ಟೇಕುಗಳ ನಡುವೆ ಆ ಒಂದು ರಾಕ್ ಟೇಕ್ ಹಾಗೇ ಕೂತಿತ್ತು. ‘ಟ್ಯಾಟೂ ಯು’ ಎಂಬ ಆ ಆಲ್ಬಮ್ ಹೆಚ್ಚುಕಡಿಮೆ ಇಂಥ ಉಳಿಕೆಗಳಿಂದಲೇ ಕಟ್ಟಿದ್ದು. ಅದರ ಕೊನೆಯ ಹಾಡು ‘ವೇಟಿಂಗ್ ಆನ್ ಎ ಫ್ರೆಂಡ್’ ಶುರುವಾದದ್ದು 1972ರಲ್ಲಿ, ಜಮೈಕಾದಲ್ಲಿ. ಒಂಬತ್ತು ವರ್ಷ ಮಲಗಿದ್ದ ಟೇಪನ್ನು ಎಬ್ಬಿಸಿ, ಜಾಝ್ ದಿಗ್ಗಜ ಸೋನಿ ರೋಲಿನ್ಸ್ ಅವರಿಂದ ಅದರ ಮೇಲೆ ಸ್ಯಾಕ್ಸೊಫೋನ್ ನುಡಿಸಿದರು. ಆಲ್ಬಮ್ ಅಮೆರಿಕದಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು.

‘ತಪ್ಪು ನುಡಿಸಿದ್ದು’ ಎಂದು ನುಡಿಸಿದವರಿಗೆ ಆ ಹೊತ್ತಿಗೆ ಅನ್ನಿಸಿದ್ದು ಹತ್ತು ವರ್ಷದ ಮೇಲೆ ಹಾಗೇ ಕೇಳಿಸುವುದಿಲ್ಲ. ನಲವತ್ತು ವರ್ಷದ ಮೇಲಂತೂ ಕೇಳಿಸುವುದೇ ಇಲ್ಲ. ಆ ದಿನ ಅವರ ಕಿವಿ ತಪ್ಪನ್ನಷ್ಟೇ ಹುಡುಕುತ್ತಿತ್ತು. ನಿಮ್ಮ ಕಿವಿ ಇಪ್ಪತ್ತೈದು ವರ್ಷದ ಅಪ್ಪನನ್ನು ಹುಡುಕುತ್ತದೆ.

ಇನ್ನು ಬೀಟಲ್ಸ್. 1969ರ ಜನವರಿ 2ರಿಂದ ಅವರು ಲಂಡನ್ನಿನ ಟ್ವಿಕೆನ್‌ಹ್ಯಾಮ್ ಚಿತ್ರ ಸ್ಟುಡಿಯೋದಲ್ಲಿ ಸೇರಿ ಹೊಸ ಹಾಡು ಕಟ್ಟತೊಡಗಿದರು. ಆಮೇಲೆ ಸವಿಲ್ ರೋ ಬೀದಿಯ ತಮ್ಮದೇ ಕಟ್ಟಡದ ನೆಲಮಾಳಿಗೆಗೆ ಬಂದರು. 30ರಂದು ಅದೇ ಕಟ್ಟಡದ ಮಾಳಿಗೆ ಮೇಲೆ ನುಡಿಸಿದರು. ಇದೆಲ್ಲ ಚಿತ್ರೀಕರಣವಾಗುತ್ತಿತ್ತು. ಚಿತ್ರಕ್ಕೆ ಸದ್ದು ಹೊಂದಿಸಲೆಂದು ನಾಗ್ರಾ ಎಂಬ ಎರಡು ಸ್ಪೂಲ್ ಯಂತ್ರಗಳು ದಿನವಿಡೀ ಓಡುತ್ತಿದ್ದವು. ಅದು ಹಾಡಿನ ರೆಕಾರ್ಡಿಂಗ್ ಅಲ್ಲ, ಎಲ್ಲವೂ ಒಂದೇ ಪಟ್ಟಿಯಲ್ಲಿ ಬೆರೆತ ಮೊನೊ ಸದ್ದು. ಯಾರೂ ಅದನ್ನು ಸಂಗೀತವೆಂದು ಲೆಕ್ಕಕ್ಕೆ ಹಿಡಿದಿರಲಿಲ್ಲ. ಒಂದು ರೀಲು ಹದಿನಾರು ನಿಮಿಷಕ್ಕೆ ಮುಗಿಯುವುದು, ಇನ್ನೊಂದು ಹಾಕುವುದು. ಚಹಾ ಕುಡಿದದ್ದು, ಜಗಳ, ಮೌನ, ಎಲ್ಲವೂ ಅದರಲ್ಲಿ ಬಿತ್ತು. ಆ ರೀಲುಗಳಲ್ಲಿ ನೂರಾರು ಕಳುವಾಗಿ, 2003ರಲ್ಲಿ ಪೊಲೀಸರು ಸುಮಾರು 500 ರೀಲುಗಳನ್ನು ಹಿಡಿದು ತಂದರು. 2021ರಲ್ಲಿ ಚಿತ್ರ ನಿರ್ದೇಶಕ ಪೀಟರ್ ಜಾಕ್ಸನ್ ಹೆಚ್ಚುಕಡಿಮೆ ಎಂಟು ಗಂಟೆಯ ಸಾಕ್ಷ್ಯಚಿತ್ರ ಮಾಡಿದ್ದು ಸುಮಾರು 60 ಗಂಟೆ ಚಿತ್ರ, 150 ಗಂಟೆ ಧ್ವನಿಯ ಆ ರಾಶಿಯಿಂದ. ಅದರಲ್ಲಿ ಎಲ್ಲರೂ ಬಾಯಿಮಾತಿನಲ್ಲಿ ಹೇಳುವ ಭಾಗ ಯಾವುದು ಗೊತ್ತೇ? ಜನವರಿ 7ರ ಬೆಳಿಗ್ಗೆ. ತಂಡದ ನಾಲ್ವರಲ್ಲಿ ಜಾನ್ ಲೆನನ್ ಇನ್ನೂ ಬಂದಿಲ್ಲ. ಪಾಲ್ ಮೆಕಾರ್ಟ್ನಿ ಬೇಸ್ ಗಿಟಾರನ್ನು ಸುಮ್ಮನೆ ಕೆರೆಯುತ್ತಾ ಕೂತಿದ್ದಾರೆ. ಎದುರಿಗೆ ಜಾರ್ಜ್ ಹ್ಯಾರಿಸನ್ ಆಕಳಿಸುತ್ತಾರೆ. ಮಾತಿಲ್ಲದ ಗುನುಗು ಮೆಲ್ಲಗೆ ತಿರುವು ಪಡೆದು, ಎರಡು ಮೂರು ನಿಮಿಷದಲ್ಲಿ ‘ಗೆಟ್ ಬ್ಯಾಕ್’ ಹಾಡಿನ ಮೊಳಕೆ ನಮ್ಮ ಕಣ್ಣೆದುರೇ ಒಡೆಯುತ್ತದೆ. ‘ಹಾಡು ಇನ್ನೂ ಶುರುವಾಗಿಲ್ಲ, ಇದನ್ನು ಕತ್ತರಿಸು’ ಎಂದು ಯಾರಾದರೂ ಹೇಳಿದ್ದರೆ ಅದು ಇಂದು ಇರುತ್ತಿರಲಿಲ್ಲ.

ಕತ್ತರಿಸಿದವನ ಮಾತೂ ಕೇಳಿ. ಹಳೆಯ ಟೇಪು ಇಳಿಸಿಕೊಡುವ ಈ ಕೆಲಸಕ್ಕಿಳಿದ ಮೊದಲ ವರ್ಷಗಳಲ್ಲಿ ರಾಯಚೂರಿನ ಕುಟುಂಬವೊಂದು ತೀರಿಹೋದ ಹಾರ್ಮೋನಿಯಂ ವಾದಕರ ಆರು ಕ್ಯಾಸೆಟ್ ತಂದುಕೊಟ್ಟಿತು. ನಾನು ಅಚ್ಚುಕಟ್ಟಿನ ಹುಮ್ಮಸ್ಸಿನಲ್ಲಿ ಕೆಮ್ಮು, ಮಾತು, ಶ್ರುತಿ ಮಾಡಿಕೊಳ್ಳುವ ಸದ್ದು ಎಲ್ಲ ತೆಗೆದು ಚೊಕ್ಕ ಸಿಡಿ ಮಾಡಿಕೊಟ್ಟೆ. ಕ್ಯಾಸೆಟ್ ಇನ್ನು ಬೇಕಿಲ್ಲವೆಂದೂ ಹೇಳಿದೆ; ಅವರು ಹಾಗೇ ಮಾಡಿದರು. ನಾಲ್ಕು ವರ್ಷದ ಮೇಲೆ ಅವರ ಮಗಳು ಫೋನು ಮಾಡಿ ಕೇಳಿದರು: “ಸರ್, ನಡುವೆ ನಮ್ಮಪ್ಪ ತಬಲಾದವರಿಗೆ ‘ನಿಧಾನ, ನಿಧಾನ, ಎಲ್ಲಿಗೆ ಹೊಂಟಿ’ ಅಂತ ಬೈತಿದ್ರಲ್ಲ, ಅದೆಲ್ಲಿ?” ಹಾರ್ಮೋನಿಯಂ ಅವರಿಗೆ ಇತ್ತು. ಅಪ್ಪನ ಮಾತಾಡುವ ದನಿ ಭೂಮಿಯ ಮೇಲೆ ಇದ್ದದ್ದು ಆ ಕ್ಯಾಸೆಟ್ಟಿನಲ್ಲಿ ಮಾತ್ರ. ಆ ಫೋನು ಇಟ್ಟ ದಿನದಿಂದ ಮೂಲದಿಂದ ಇಳಿಸಿದ ಪ್ರತಿಯಲ್ಲಿ ಒಂದು ಕ್ಷಣವನ್ನೂ ನಾನು ಕತ್ತರಿಸಿಲ್ಲ. ನಿಮ್ಮ ಐವರಲ್ಲಿ ಇಬ್ಬರು ಇಲ್ಲ. ಅವರ ಮಾತು, ನಗು, ‘ಮತ್ತೊಮ್ಮೆ ತಗೊಳ್ರಪ’ ಎಂಬ ಕೂಗು ಇರುವುದು ಹಾಡುಗಳ ಒಳಗಲ್ಲ, ನಡುವೆ. ಅವರ ಮನೆಯವರಿಗೆ ಅದು ಬೇಕಾಗುತ್ತದೆ.

ದೊಡ್ಡ ಬ್ಯಾಂಡುಗಳು ಬಿಡುಗಡೆ ಮಾಡದೆ ಇಡುವುದಕ್ಕೆ ಕಾರಣ ಒಂದೇ ಅಲ್ಲ. ಬೀಚ್ ಬಾಯ್ಸ್ ತಂಡದ ‘ಸ್ಮೈಲ್’ 1966-67ರಲ್ಲಿ ತುಣುಕು ತುಣುಕಾಗಿ ರೆಕಾರ್ಡ್ ಆಯಿತು. ತುಣುಕುಗಳನ್ನು ಜೋಡಿಸುವ ಹೊತ್ತಿಗೆ ತಂಡದ ಸಂಯೋಜಕ ಬ್ರಯನ್ ವಿಲ್ಸನ್ ದಣಿದರು, ಕೆಲಸ ನಿಂತಿತು. ಆ ಟೇಪುಗಳು ಪೆಟ್ಟಿಗೆಯಾಗಿ (ಬಾಕ್ಸ್ ಸೆಟ್) ಹೊರಬಂದದ್ದು 2011ರಲ್ಲಿ. ಪಿಂಕ್ ಫ್ಲಾಯ್ಡ್ 1973ರಲ್ಲಿ ವಾದ್ಯ ಬಿಟ್ಟು ರಬ್ಬರ್ ಬ್ಯಾಂಡು, ಗಾಜಿನ ಲೋಟಗಳಂಥ ಮನೆ ಸಾಮಾನಿನಿಂದಲೇ ಇಡೀ ಆಲ್ಬಮ್ ಮಾಡಹೊರಟು ಕೈಬಿಟ್ಟಿತು. ಆದರೆ ಒದ್ದೆ ಬೆರಳಿಂದ ಲೋಟದ ಅಂಚು ಉಜ್ಜಿ ಎಬ್ಬಿಸಿದ ನಾದ ಎರಡು ವರ್ಷದ ಮೇಲೆ ‘ಶೈನ್ ಆನ್ ಯು ಕ್ರೇಜಿ ಡೈಮಂಡ್’ ಹಾಡಿನ ಆರಂಭದಲ್ಲಿ ಬಂದು ಕೂತಿತು. ಕಾನೂನಿನ ಕಾರಣವೂ ಉಂಟು. ಯುರೋಪಿನ 2011ರ ನಿಯಮದ ಪ್ರಕಾರ ರೆಕಾರ್ಡ್ ಆಗಿ 50 ವರ್ಷದೊಳಗೆ ಪ್ರಕಟವಾದರೆ 70 ವರ್ಷದ ರಕ್ಷಣೆ, ಪ್ರಕಟವಾಗದಿದ್ದರೆ 50ಕ್ಕೇ ಮುಗಿಯಿತು. ಅದಕ್ಕೇ 2013ರ ಡಿಸೆಂಬರಿನಲ್ಲಿ ಬೀಟಲ್ಸ್ ಕಡೆಯಿಂದ 1963ರ 59 ಧ್ವನಿಮುದ್ರಣಗಳು ಸದ್ದಿಲ್ಲದೆ ಐಟ್ಯೂನ್ಸಿಗೆ ಬಂದವು. ಹಳೆಯ ತಂಡಗಳ ‘ಇದುವರೆಗೆ ಕೇಳದ’ ಪೆಟ್ಟಿಗೆಗಳು ಈಚೆಗೆ ಸಾಲುಸಾಲಾಗಿ ಬರುವುದರ ಹಿಂದೆ ಪ್ರೀತಿಯ ಜೊತೆ ಈ ಗಡುವೂ ಇದೆ.

ಈಗ ನಿಮ್ಮ ಅಟ್ಟಕ್ಕೆ ಬರೋಣ. ಮೊದಲು ಅಲ್ಲಿಂದ ಇಳಿಸಿ. ನಮ್ಮ ಬೇಸಿಗೆಯ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ತಗಡಿನ ಕೆಳಗಿನ ಅಟ್ಟ ಅದಕ್ಕಿಂತ ಕಾಯುತ್ತದೆ. ಕೆಳಗಿನ ಕೋಣೆಯಲ್ಲಿ ಹೊರಗೋಡೆಗೆ ತಾಗದ ಬೀರು ಸಾಕು. ಸ್ಪೂಲುಗಳನ್ನು ಮಲಗಿಸಬೇಡಿ, ಪುಸ್ತಕದಂತೆ ನಿಲ್ಲಿಸಿ. ಸ್ಪೀಕರ್, ಮೋಟಾರುಗಳಿಂದ ದೂರವಿರಲಿ. ಮತ್ತೆ ನಮ್ಮ ಊರಿನ ಕೆಂಧೂಳು. ಟೇಪಿನ ಕಂದು ಬಣ್ಣ ಕಬ್ಬಿಣದ ಆಕ್ಸೈಡಿನದು. ಸಂಡೂರು ಗುಡ್ಡದ ಹೆಮಟೈಟ್ ಅದಿರೂ ಅದೇ ಆಕ್ಸೈಡು, ರಾಸಾಯನಿಕ ಸೂತ್ರವೂ ಒಂದೇ. ಹರಳಿನ ಕಟ್ಟು ಮಾತ್ರ ಬೇರೆ. ಆ ಕಟ್ಟಿನಿಂದಲೇ ಟೇಪಿನದು ಅಯಸ್ಕಾಂತದ ಗುರುತನ್ನು ದಶಕಗಟ್ಟಲೆ ಹಿಡಿದಿಡುತ್ತದೆ, ಗುಡ್ಡದ್ದು ಹಿಡಿಯುವುದಿಲ್ಲ. ಲಾರಿ ಓಡಿದಾಗ ಏಳುವ ಆ ಧೂಳು ಟೇಪಿಗೂ ಅದರ ಸದ್ದು ಓದುವ ಯಂತ್ರದ ಹೆಡ್ಡಿಗೂ ನಡುವೆ ಸಿಕ್ಕರೆ ಉಪ್ಪುಕಾಗದದಂತೆ ಉಜ್ಜುತ್ತದೆ. ಬಾಕ್ಸು ತೆರೆಯುವ ಮೊದಲು ಹೊರಗಡೆ ಒರೆಸಿ, ಕಿಟಕಿ ಹಾಕಿ.

ಬಾಕ್ಸಿನ ಎಲ್ಲ ಮಗ್ಗುಲಿನ ಫೋಟೊ ತೆಗೆಯಿರಿ. ಇಂಜಿನಿಯರ್ ಪೆನ್ಸಿಲಿನಲ್ಲಿ ಬರೆದ ಟೇಕ್ ಸಂಖ್ಯೆ, ವೇಗ, ಅರ್ಧಕ್ಕೆ ನಿಂತ ಟೇಕುಗಳ ಗುರುತು ಎಲ್ಲ ಬೇಕು. ಆಮೇಲೆ ಒಂದು ಅಳತೆಪಟ್ಟಿ ತಂದು ಟೇಪಿನ ಅಗಲ ನೋಡಿ. 6.3 ಮಿಲಿಮೀಟರ್, ಅಂದರೆ ಕಾಲಿಂಚು ಇದ್ದರೆ ಅದು ಬಹುಪಾಲು ಮಿಕ್ಸ್ ಆದ ಮಾಸ್ಟರ್, ಅಂದರೆ ದನಿ, ವಾದ್ಯ ಎಲ್ಲ ಕೂಡಿಸಿದ ಅಂತಿಮ ಪ್ರತಿ. ಅರ್ಧ ಇಂಚು, ಒಂದಿಂಚು, ಎರಡಿಂಚು ಇದ್ದರೆ ನಿಮ್ಮ ಅದೃಷ್ಟ ದೊಡ್ಡದು: ಅದು ಮಲ್ಟಿಟ್ರ್ಯಾಕ್ ಆಗಿರುವ ಸಂಭವ ಹೆಚ್ಚು, ಗಿಟಾರು, ಡ್ರಮ್ಸ್, ದನಿ ಎಲ್ಲ ಆಗಲೇ ಬೇರೆ ಬೇರೆ ಪಟ್ಟಿಗಳಲ್ಲಿರುತ್ತವೆ. ಆಗ ಎಐ ಬೇಕೇ ಇಲ್ಲ.

ಯಾರದೋ ಮನೆಯ ಹಳೆಯ ಸ್ಪೂಲ್ ಯಂತ್ರಕ್ಕೆ ಹಾಕಿ ‘ಒಮ್ಮೆ ಕೇಳಿ ನೋಡೋಣ’ ಎನ್ನಬೇಡಿ. ಎಪ್ಪತ್ತರ ದಶಕದ ನಡುವಿನಿಂದ ಬಂದ ಹಲವು ಸ್ಟುಡಿಯೋ ಟೇಪುಗಳಿಗೆ, ಮುಖ್ಯವಾಗಿ ಆಂಪೆಕ್ಸ್ ಕಂಪನಿಯ 406, 456ರಂಥವಕ್ಕೆ, ಒಂದು ರೋಗವಿದೆ. ಆಕ್ಸೈಡನ್ನು ಅಂಟಿಸಿದ ಪದಾರ್ಥ ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ. ಯಂತ್ರಕ್ಕೆ ಹಾಕಿದರೆ ಕೀರ್ ಎಂದು ಕಿರುಚುತ್ತದೆ, ಹೆಡ್ಡಿಗೆ ಅಂಟಂಟಾದ ಕಂದು ಮಡ್ಡಿ ಮೆತ್ತುತ್ತದೆ. ಆ ಮಡ್ಡಿಯೇ ನಿಮ್ಮ ಹಾಡು. ಟೇಪಿನ ಹಿಂಬದಿ ಹೊಳಪಿಲ್ಲದ ಕಪ್ಪಾಗಿದ್ದರೆ ಈ ಅನುಮಾನ ಇಟ್ಟುಕೊಳ್ಳಿ. ಇದಕ್ಕೆ ಪರಿಹಾರ ಹದವಾದ ಶಾಖ: ಉಷ್ಣತೆ ಹಿಡಿದಿಡುವ ಪೆಟ್ಟಿಗೆಯಲ್ಲಿ ಸುಮಾರು 54 ಡಿಗ್ರಿ ಸೆಲ್ಸಿಯಸ್, ಕಾಲಿಂಚು ಟೇಪಿಗೆ ಎಂಟು ಗಂಟೆ ಅಥವಾ ಇನ್ನೂ ಹೆಚ್ಚು, ಆಮೇಲೆ ಅಷ್ಟೇ ಹೊತ್ತು ಆರಲು ಬಿಡುವುದು. ಗುಣ ಕೆಲವು ವಾರ ಮಾತ್ರ. ಅಷ್ಟರಲ್ಲಿ ಡಿಜಿಟಲ್ಲಿಗೆ ಇಳಿಸಬೇಕು. ನಮ್ಮ ಕಡೆಯವರೊಬ್ಬರು ಇದನ್ನು ಎಲ್ಲೋ ಓದಿ ಮೇ ತಿಂಗಳಲ್ಲಿ ಟೇಪುಗಳನ್ನು ಮಾಳಿಗೆ ಮೇಲೆ ಹಪ್ಪಳದ ಹಾಗೆ ಹರವಿದ್ದರು. ಬಿಸಿಲಿಗೆ ಹದವಿಲ್ಲ. ಸುರುಳಿಯ ಒಂದು ಬದಿ ಸೊಟ್ಟಗಾಗಿ ಟೇಪು ಕೈಬಿಟ್ಟಿತು. ಗ್ಯಾಸ್ ಓವನ್, ಮೈಕ್ರೋವೇವ್ ಕೂಡ ಬೇಡ. ಬೆಳಕಿಗೆ ಹಿಡಿದಾಗ ಸುರುಳಿಯ ಮೂಲಕ ಬೆಳಕು ಹಾಯ್ದರೆ, ಹುಳಿ ವಾಸನೆ ಬಂದರೆ, ಅದು ಹಳೆಯ ಅಸಿಟೇಟ್ ಟೇಪು. ಅದಕ್ಕೆ ಶಾಖವನ್ನೇ ಕೊಡಬಾರದು. ನಿಮ್ಮದು 1986ರದ್ದಾದ್ದರಿಂದ ಪಾಲಿಯೆಸ್ಟರ್ ಇರಬೇಕು, ಆದರೂ ನೋಡಿ.

ಸ್ಟುಡಿಯೋ ಟೇಪನ್ನು ಕೊನೆ ಹೊರಗೆ ಬರುವಂತೆ ಸುತ್ತಿಡುವ ರೂಢಿಯಿದೆ. ಪಕ್ಕದ ಸುತ್ತಿಗೆ ಇಳಿದ ಸದ್ದು ಹಾಡಿನ ಮೊದಲು ಕೇಳದೆ, ಹಿಂದೆ ಪ್ರತಿಧ್ವನಿಯಂತೆ ಕೇಳಲಿ ಎಂದು ಹಾಗೆ. ಆದ್ದರಿಂದ ಮೊದಲ ಸದ್ದು ಹಿಂದುಮುಂದಾಗಿ ಕೇಳಿದರೆ ಗಾಬರಿಯಾಗಬೇಡಿ, ಹಿಂದಕ್ಕೆ ಸುತ್ತಿಲ್ಲ ಅಷ್ಟೇ. ಆರಂಭದಲ್ಲಿ ಕೂಯ್ ಎನ್ನುವ ಎರಡು ಮೂರು ಸ್ವರಗಳಿದ್ದರೆ ಅವನ್ನೂ ಇಳಿಸಿಕೊಳ್ಳಲಿ. ಯಂತ್ರವನ್ನು ಆ ಟೇಪಿಗೆ ಹೊಂದಿಸಲು ಇಂಜಿನಿಯರ್ ಬಿಟ್ಟುಹೋದ ಬೀಗದಕೈ ಅದು.

ಕ್ಯಾಸೆಟ್ಟುಗಳು ಸುಲಭ. ಪೆನ್ಸಿಲು ತೂರಿಸಿ ಒಮ್ಮೆ ಸಡಿಲ ಎಳೆದುಕೊಳ್ಳಿ. ಒತ್ತುವ ಪುಟ್ಟ ಉಣ್ಣೆಯ ಪ್ಯಾಡು ಉದುರಿದ್ದರೆ ಟೇಪನ್ನು ಬೇರೆ ಕವಚಕ್ಕೆ ದಾಟಿಸಬಹುದು. ಬಿಳಿ ಬೂಷ್ಟು ಕಂಡರೆ ಯಂತ್ರಕ್ಕೆ ಹಾಕಲೇಬೇಡಿ, ಒಂದರ ಬೂಷ್ಟು ಹನ್ನೊಂದಕ್ಕೂ ಹರಡುತ್ತದೆ. ಇಳಿಸಿಕೊಡುವವರು ಪ್ರತಿ ಕ್ಯಾಸೆಟ್ಟಿಗೂ ಹೆಡ್ಡಿನ ಓರೆ ಹೊಂದಿಸಬೇಕು. ದನಿ ಮಂಕಾಗಿ, ಕಂಬಳಿ ಹೊದ್ದಂತೆ ಕೇಳುವುದು ಎಷ್ಟೋ ಸಲ ಟೇಪು ಹಾಳಾಗಿ ಅಲ್ಲ, ಆ ಓರೆ ತಪ್ಪಿ. ನಿಮಗೆ ಎಂಪಿ3 ಕೊಟ್ಟರೆ ಒಪ್ಪಬೇಡಿ. 96 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್ ಎಂದು ಕೇಳಿ. ಒಂದು ಗಂಟೆಗೆ ಸುಮಾರು 2 ಜಿಬಿ ಆಗುತ್ತದೆ, ಇವತ್ತಿನ ದಿನಕ್ಕೆ ಅದು ಭಾರವಲ್ಲ. ‘ಶಬ್ದ ಸ್ವಚ್ಛ ಮಾಡಿಕೊಡಲಾ’ ಎಂದರೆ, ಮೊದಲು ಹೇಗಿದೆಯೋ ಹಾಗೇ ಕೊಡಿ ಎನ್ನಿ. ಮೂರು ಪ್ರತಿ ಮಾಡಿ, ಒಂದನ್ನು ಬೇರೆ ಊರಿನ ನೆಂಟರ ಮನೆಯಲ್ಲಿಡಿ. 2008ರ ಜೂನ್ 1ರಂದು ಹಾಲಿವುಡ್ಡಿನ ಯೂನಿವರ್ಸಲ್ ಆವರಣದಲ್ಲಿ ಬಿದ್ದ ಬೆಂಕಿಯಲ್ಲಿ ಸಂಗೀತದ ಮಾಸ್ಟರ್ ಟೇಪುಗಳೂ ಸುಟ್ಟುಹೋದವು; ಹೊರಜಗತ್ತಿಗೆ ಆ ನಷ್ಟದ ಗಾತ್ರ ತಿಳಿದದ್ದು 2019ರಲ್ಲಿ. ಇಳಿಸಿದ ಮೇಲೂ ಮೂಲ ಟೇಪನ್ನು ಇಟ್ಟುಕೊಳ್ಳಿ.

ಎಐ ವಿಷಯ. ಲೆನನ್ ಎಪ್ಪತ್ತರ ದಶಕದ ಕೊನೆಗೆ ಮನೆಯಲ್ಲಿ ಪಿಯಾನೊ ನುಡಿಸುತ್ತಾ ಕ್ಯಾಸೆಟ್ಟಿನಲ್ಲಿ ಹಾಡಿಟ್ಟ ‘ನೌ ಆಂಡ್ ದೆನ್’ ಹಾಡನ್ನು ಉಳಿದ ಮೂವರು 1995ರಲ್ಲಿ ಪೂರ್ತಿ ಮಾಡಹೊರಟು ಬಿಟ್ಟರು. ಕರೆಂಟಿನ ಗುಂಯ್ ಸದ್ದು, ದನಿಯನ್ನು ಮುಚ್ಚುವ ಪಿಯಾನೊ. ಜಾಕ್ಸನ್ ತಂಡ ನಾಗ್ರಾ ಟೇಪುಗಳಿಗಾಗಿ ಕಟ್ಟಿದ ತಂತ್ರಾಂಶ ಆ ದನಿಯನ್ನು ಬಿಡಿಸಿಕೊಟ್ಟಿತು, 2023ರ ನವೆಂಬರ್ 2ರಂದು ಹಾಡು ಬಂತು. ಅದರಲ್ಲಿ ಕೇಳುವ ಹ್ಯಾರಿಸನ್ ಗಿಟಾರು 1995ರ ಆ ಕೈಬಿಟ್ಟ ಪ್ರಯತ್ನದ್ದು. ಅವರು 2001ರಲ್ಲೇ ತೀರಿಕೊಂಡಿದ್ದರು. ಕೈಬಿಟ್ಟದ್ದನ್ನು ಅಂದು ಅಳಿಸಿದ್ದರೆ ನಾಲ್ವರೂ ಇರುವ ಹಾಡು ಆಗುತ್ತಿರಲಿಲ್ಲ.

ನಿಮಗೂ ಆಗುತ್ತದೆ. ಡೀಮಕ್ಸ್, ಸ್ಪ್ಲೀಟರ್ ಎಂಬ ಉಚಿತ ತಂತ್ರಾಂಶಗಳು ದನಿ, ಡ್ರಮ್ಸ್, ಬೇಸ್, ಉಳಿದದ್ದು ಎಂದು ನಾಲ್ಕು ಪಾಲು ಮಾಡಿಕೊಡುತ್ತವೆ. ಅವು ಕಲಿತದ್ದು ಹೆಚ್ಚಾಗಿ ಪಾಶ್ಚಾತ್ಯ ಹಾಡುಗಳಿಂದ; ನಿಮ್ಮವರು ಢೋಲಕ್, ತಬಲಾ ಸೇರಿಸಿದ್ದರೆ ಅವು ಅರ್ಧ ಒಂದು ಪಾಲಿಗೆ, ಅರ್ಧ ಇನ್ನೊಂದಕ್ಕೆ ಹೋಗಬಹುದು. ಯೂಟ್ಯೂಬಿಗೆ ಹಾಕುವ ಐದಾರು ಹಾಡಿಗೆ ಧಾರಾಳವಾಗಿ ಬಳಸಿ, ಆದರೆ ಪ್ರತಿಯ ಮೇಲೆ. ಶ್ರುತಿ ತಪ್ಪಿದ್ದನ್ನು ಯಂತ್ರದಿಂದ ತಿದ್ದಿಸಬೇಡಿ ಎಂಬುದು ನನ್ನ ಆಗ್ರಹ. ಆ ಸಣ್ಣ ಜಾರುವಿಕೆಯಲ್ಲಿ ಹಾಡಿದವರ ಮುಖ ಇದೆ.

ಹಾಕುವ ಮುನ್ನ ಹಕ್ಕಿನ ಮಾತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಣದ ಮೊದಲ ಒಡೆಯ ಅದನ್ನು ಮಾಡಿಸುವ ಹೊಣೆ ಹೊತ್ತ ನಿರ್ಮಾಪಕ. ನಿಮ್ಮವರೇ ದುಡ್ಡು ಹಾಕಿ ಮಾಡಿಸಿದ್ದಾರೆ, ಬೇರೆ ಕರಾರಿಲ್ಲವಾದರೆ ಅದು ಐವರದು. ಸಾಹಿತ್ಯ, ರಾಗಸಂಯೋಜನೆಯ ಹಕ್ಕು ಬರೆದವರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ. ನುಡಿಸಿದವರ ಹಕ್ಕು 50 ವರ್ಷ.  ತೀರಿಹೋದ ಇಬ್ಬರ ಮನೆಗೂ ಹೋಗಿ, ಹಾಡು ಕೇಳಿಸಿ, ಒಪ್ಪಿಗೆಯನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಕಾನೂನು ಕೇಳದಿದ್ದರೂ ಆ ಮನೆಗಳಿಗೆ ಹೋಗಬೇಕಿತ್ತು. ನಡುವಿನ ಮಾತುಗಳಲ್ಲಿ ಯಾರಾದರೂ ಯಾರನ್ನಾದರೂ ಕಟುವಾಗಿ ಬೈದಿದ್ದರೆ ಅದನ್ನು ಸಾರ್ವಜನಿಕಕ್ಕೆ ಹಾಕಬೇಡಿ, ಮನೆಯ ಪ್ರತಿಯಲ್ಲಿ ಮಾತ್ರ ಇರಲಿ. ಇಡುವುದು ಬೇರೆ, ಬಿಡುವುದು ಬೇರೆ.

ತಂದೆಯವರಿಗೆ ನನ್ನ ನಮಸ್ಕಾರ ಹೇಳಿ. ಇಳಿಸಿದ ಫೈಲುಗಳು ಕೈಗೆ ಬಂದ ಭಾನುವಾರ ಮೂವರನ್ನೂ ಕೂರಿಸಿ, ಮೊದಲ ರೀಲಿನಿಂದ ಕೊನೆಯವರೆಗೆ ಏನೂ ಹಾರಿಸದೆ ಕೇಳಿಸಿ. ನಿಮ್ಮ ಫೋನನ್ನು ರೆಕಾರ್ಡಿಂಗಿಗೆ ಹಾಕಿ ಅವರ ನಡುವೆ ಇಡಿ. ‘ಇದು ಯಾರು ಕೆಮ್ಮಿದ್ದು, ಅಲ್ಲಿ ತಾಳ ಬಿಟ್ಟವನು ಯಾವನು, ಆ ದಿನ ಊಟ ಎಲ್ಲಿ ಮಾಡಿದಿರಿ’ ಎಂದು ಅವರವರೇ ಆಡಿಕೊಳ್ಳುವ ಮಾತು ಟೇಕ್ ಸಂಖ್ಯೆಯ ಎದುರು ಬರೆದುಕೊಳ್ಳಿ. ಹನ್ನೆರಡನೇ ಫೈಲು ಮುಗಿಯುವ ಹೊತ್ತಿಗೆ ಅವರಲ್ಲೊಬ್ಬರು ಗಿಟಾರಿಗೆ ಕೈ ಚಾಚಿದರೆ ಫೋನು ನಿಲ್ಲಿಸಬೇಡಿ.